ಹಾಳೆಯ ಅಂಚು

ಗಾಜಿನ ಮೇಲೆ ಕವುಚಿ ಮಲಗಿಸುತ್ತೇನೆ ಮೀನನ್ನು.
ಮೀನಲ್ಲ, ಮೀನಿನ ಚಿತ್ರ. ದಿನಕ್ಕೆ ನಲವತ್ತು
ಹೀಗೆ ಮಲಗುತ್ತವೆ ಇಲ್ಲಿ. ಅಡಿಯಿಂದೊಂದು ಬೆಳಕು
ಬಾಲದಿಂದ ಬಾಯಿಯ ತನಕ ಸವರಿಕೊಂಡು ಹೋಗುವಾಗ
ಉಸಿರು ಬಿಗಿಹಿಡಿಯುತ್ತೇನೆ. ಅಗತ್ಯವಿಲ್ಲ, ಅಭ್ಯಾಸ.

ಹಳೇ ಬಂದರಿನ ಹಿಂದೆ ಹಂಚಿನ ಗೋದಾಮು, ಅದರ ಮಾಳಿಗೆ.
ಕಿಟಕಿಯಾಚೆ ಮಂಜುಗಡ್ಡೆ ಪುಡಿಮಾಡುವ ಯಂತ್ರ,
ಬೆಂಗ್ರೆಗೆ ದಾಟುವ ದೋಣಿಯ ಡುಗುಡುಗು.
ಚಿತ್ರಗಳು ಲಿಗೋರಿ ಪಾಯ್ಸರವು. ಮೂವತ್ತೊಂದು ವರ್ಷ
ಮೀನಿನ ಪ್ರಯೋಗಾಲಯದಲ್ಲಿ ಸಂಬಳದ ಚಿತ್ರಕಾರ.
ಹುರುಪೆ ಎಣಿಸಿ ಬರೆಯುತ್ತಿದ್ದರಂತೆ, ಒಂದೊಂದೇ,
ಲೆಕ್ಕ ತಪ್ಪಿದರೆ ಮತ್ತೆ ಬಾಲದಿಂದ.
ಈಗ ಅದಕ್ಕೆ ಕ್ಯಾಮೆರಾ ಇದೆ. ಒಂದು ಮೀನಿಗೆ
ಅರವತ್ತು ಫೋಟೋ, ಅರವತ್ತು ಆಳದಲ್ಲಿ;
ಸಾಫ್ಟ್‌ವೇರ್ ಅಷ್ಟನ್ನೂ ಹೊಲಿದು ಒಂದು ಮಾಡುತ್ತದೆ,
ಯಾವ ಕಣ್ಣಿಗೂ ಒಮ್ಮೆಗೇ ಕಾಣದಷ್ಟು ಸ್ಪಷ್ಟ.

ಮುನ್ನೂರ ಹನ್ನೆರಡನೇ ಹಾಳೆ. ಮದಿಮಾಳ್.
ಮದುಮಗಳು ಅಂತ ನಮ್ಮವರು ಕರೆಯುವ ಮೀನು.
ಪರದೆಯಲ್ಲಿ ಚೆಂದವಾಗಿಯೇ ಬಂತು, ಬಿಳಿ ಬಯಲಲ್ಲಿ ಒಂಟಿ.
ಹಾಳೆಯನ್ನು ಲಕೋಟೆಗೆ ಸೇರಿಸುವಾಗ, ಓರೆ ಬಿಸಿಲಿಗೆ,
ಅಂಚಿನಲ್ಲಿ ಇರುವೆ ಸಾಲು. ಅಲ್ಲ, ಪೆನ್ಸಿಲ್ಲು:

"ಕಿವಿರಿನ ಹಿಂದೆ ಗುಲಾಬಿ, ಗಂಟೆ ಆರು ಹತ್ತು.
ಆರು ಇಪ್ಪತ್ತೈದಕ್ಕೆ ಇಲ್ಲ.
ಹೊಟ್ಟೆಯ ಹಳದಿ ಗೆರೆ: ಮಾಗಿದ ಮುಂಡಪ್ಪದ ಸಿಪ್ಪೆ,
ತೊಟ್ಟಿನ ಹತ್ತಿರದ್ದು. ಈ ಬಣ್ಣ ನನ್ನ ಪೆಟ್ಟಿಗೆಯಲ್ಲಿಲ್ಲ.
ಗಿಲ್ಬರ್ಟನಿಗೆ ಜ್ವರ. ಬೇಗ ಹೋಗಬೇಕು."

ಮತ್ತೆ ಪರದೆ ನೋಡಿದೆ. ಬಿಳಿ. ಅಂಚೂ ಹಾಲಿನಂತೆ ಬಿಳಿ.
'ಹಿನ್ನೆಲೆ ಶುದ್ಧಿ' ಅಂತ ಒಂದು ಗುಂಡಿ,
ಮೊದಲ ದಿನ ನಾನೇ ಒತ್ತಿಟ್ಟದ್ದು.
ಗೆದ್ದಲ ಕಲೆ, ಚಹಾದ ಉಂಗುರ, ಆಟಿ ತಿಂಗಳ ಬೂಷ್ಟು,
ಎಲ್ಲ ತೊಳೆದು ಕೊಡುತ್ತಿತ್ತು ಕೇಳದೆಯೇ.
ಕಸ ಯಾವುದೆಂದು ಅದಕ್ಕೆ ಹೇಳಿಕೊಟ್ಟವರು ಯಾರು?
ಯಾರೋ ಅಚ್ಚುಕಟ್ಟಿನವರು. ನನ್ನಂಥವರು.

"ಮೀನು ಬಂತಲ್ಲ ವಿನುತಾ, ಗೀಚಿದ್ದೆಲ್ಲ ಯಾಕೆ?"
ಅಂದರು ಮೇಡಂ ಫೋನಿನಲ್ಲಿ. ತಿಂಗಳ ಕೊನೆಗೆ ಗಡುವು.
ಹೂಂ ಅಂದೆ. ಮುನ್ನೂರ ಹನ್ನೊಂದು ಲಕೋಟೆಗಳನ್ನು
ಕಪಾಟಿನಿಂದ ಮತ್ತೆ ಇಳಿಸಿದೆ.

ಮರುದಿನ ನಸುಕಿಗೆ ಧಕ್ಕೆಗೆ ಹೋಗಿ
ಬಾಗಿ ದೊಡ್ಡಮ್ಮನಿಗೆ ಮೊಬೈಲು ತೋರಿಸಿದೆ.
ಮೊದಲು ಹೊಸ ಫೋಟೋ, ಅರವತ್ತು ಆಳದ್ದು.
"ಸೈದ್ ಏತ್ ಪೊರ್ತಾಂಡ್?" ಅಂದಳು.
ಸತ್ತು ಎಷ್ಟು ಹೊತ್ತಾಯಿತು. ಅಷ್ಟೇ ಕೇಳಿದ್ದು.
ಆಮೇಲೆ ಪಾಯ್ಸರದು. ಹೆಬ್ಬೆರಳು, ತೋರುಬೆರಳು
ತಾವಾಗಿಯೇ ಹೋದವು ಕಿವಿರಿನ ಬಳಿ, ಎತ್ತಿ ನೋಡಲು,
ತಾಜಾ ಹೌದೋ ಅಲ್ಲವೋ.
ಚಿತ್ರ ಹಿಗ್ಗಿ ಪರದೆಯ ತುಂಬ ಗುಲಾಬಿಯಾಯಿತು.
"ಓ, ಬಣ್ಣದ ಪೊರ್ಬು! ಬುಟ್ಟಿ ಇಳಿಸಲಿಕ್ಕೂ ಬಿಡುತ್ತಿರಲಿಲ್ಲ,
ಓಡುತ್ತಾ ಬರುತ್ತಿದ್ದ." ನಕ್ಕಳು. ಪರದೆಯ ಮೇಲೆ
ಒಂದು ಹುರುಪೆ ಅಂಟಿಕೊಂಡಿತು. ಒರೆಸಲಿಲ್ಲ, ಆಫೀಸಿನ ತನಕ.

ಪಟ್ಟಿಯಲ್ಲಿ ಕಾಲಂಗಳಿವೆ: ಹೆಸರು, ಉದ್ದ, ತೂಕ, ದಿನಾಂಕ.
ಆರು ಹತ್ತನ್ನು 'ಸಮಯ'ದಲ್ಲಿ ತುಂಬಿದೆ. ಮುಂಡಪ್ಪವನ್ನು 'ಬಣ್ಣ'ದಲ್ಲಿ.
ಜ್ವರಕ್ಕೆ ಕಾಲಂ ಇಲ್ಲ.
ಒಂದು ಮಾಡಬಹುದು; ಮಾಡಿದರೆ ಉಳಿದೆಲ್ಲ ಮೀನುಗಳ ಮುಂದೆ
ಅದು ಖಾಲಿ ಇರುತ್ತದೆ, ಅದೊಂದು ಸುಳ್ಳು.
ಯಾರ ಮನೆಯಲ್ಲಿ ಏನಿತ್ತೋ ಆ ದಿನಗಳಲ್ಲಿ.

ಕಡತಗಳು ಈಗ ಮೂರು ಪಟ್ಟು ಭಾರ, ಮಾಸಲು, ಬೂಷ್ಟು ಸಮೇತ.
ಗಿಲ್ಬರ್ಟ್ ಯಾರೆಂದು ಇನ್ನೂ ಗೊತ್ತಿಲ್ಲ.
ಮುನ್ನೂರ ಹದಿಮೂರು: ನಂಗ್.
ಕಣ್ಣೆರಡೂ ಒಂದೇ ಬದಿಗಿರುವ ಮೀನು.
ಆ ಬದಿಯನ್ನೇ ಗಾಜಿಗಿಟ್ಟು ಮುಚ್ಚಳ ಎಳೆಯುತ್ತೇನೆ.